ಉಳ್ಳಾಗಡ್ಡಿಯ ದರ್ಜೆ ನಿರ್ಣಯ: ಹೊಲದಿಂದ ಹರಾಜು ಕಟ್ಟೆಯವರೆಗೆ

ಗದಗ-ಬೆಟಗೇರಿ, ಮುಂಡರಗಿ, ಶಿರಹಟ್ಟಿ ಮತ್ತು ಲಕ್ಷ್ಮೇಶ್ವರದ ಸೀಮೆಯಲ್ಲಿ ಮುಂಗಾರಿಗೆ ಬಿತ್ತಿದ ಉಳ್ಳಾಗಡ್ಡಿಯನ್ನು ಕೀಳುವ ಹೊತ್ತಿಗೆ ಹಿಂಗಾರಿನ ಮಳೆಯೂ ಬರುವುದರಿಂದ, ನೀರನ್ನು ಹಿಡಿದಿಟ್ಟುಕೊಳ್ಳುವ ಎರೆಭೂಮಿಯಿಂದ ಮೇಲೆದ್ದ ಗಡ್ಡೆ ಅನೇಕ ಸಲ ಹಸಿಯಾಗಿಯೇ ಚೀಲ ಸೇರುತ್ತದೆ. ಒಂದೇ ದಿನ, ಒಂದೇ ಮಾರುಕಟ್ಟೆಯಲ್ಲಿ ಎರಡು ರಾಶಿಗಳ ಬೆಲೆಯಲ್ಲಿ ಕಾಣುವ ಅಂತರಕ್ಕೆ ಗಾತ್ರದಷ್ಟೇ ಈ ಹಸಿತನವೂ ಕಾರಣವಾಗಿರುತ್ತದೆ.

ಕೃಷಿ ಉತ್ಪನ್ನಗಳ ಗುಣಮಟ್ಟವನ್ನು ವರ್ಗೀಕರಿಸಿ ಗುರುತು ಹಾಕಲು ಭಾರತದಲ್ಲಿ 1937ರಲ್ಲಿಯೇ ಕಾಯ್ದೆಯೊಂದು ಬಂದಿದ್ದು, ಅಗ್‌ಮಾರ್ಕ್ ಮುದ್ರೆಗೆ ಅದೇ ಆಧಾರವಾಗಿದೆ. ಅದರಡಿ 2004ರಲ್ಲಿ ರೂಪುಗೊಂಡ ಹಣ್ಣು-ತರಕಾರಿ ನಿಯಮಗಳು ವಿಶೇಷ, ಒಂದನೆಯ ಮತ್ತು ಎರಡನೆಯ ಎಂಬ ದರ್ಜೆಗಳನ್ನು ಬಳಸುತ್ತವೆ. ವಿಶೇಷ ದರ್ಜೆಯ ಸರಕಿನಲ್ಲಿ ನೂರಕ್ಕೆ 5ರಷ್ಟು, ಉಳಿದೆರಡರಲ್ಲಿ ನೂರಕ್ಕೆ 10ರಷ್ಟು ಗಡ್ಡೆಗಳು ಆ ದರ್ಜೆಯ ಲಕ್ಷಣಕ್ಕೆ ಹೊಂದದಿದ್ದರೂ ನಡೆಯುತ್ತದೆ. ಇದನ್ನು ಸಹಿಷ್ಣುತಾ ಮಿತಿ ಎನ್ನುತ್ತಾರೆ. ಬೆಳೆದದ್ದೆಲ್ಲ ಅಚ್ಚು ಹಾಕಿದಂತೆ ಒಂದೇ ಸಮನಾಗಿರಲಾರದು ಎಂಬುದನ್ನು ನಿಯಮವೇ ಒಪ್ಪಿಕೊಂಡಿರುವುದು ರೈತನ ದೃಷ್ಟಿಯಿಂದ ಬಹು ಮುಖ್ಯವಾದ ಸಂಗತಿ.

ಪ್ರತಿ ತರಕಾರಿಯ ಮಾನದಂಡವೂ ಅದರ ದೌರ್ಬಲ್ಯವನ್ನು ಬಲ್ಲವರು ಬರೆದದ್ದಾಗಿರುತ್ತದೆ. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ ಮಾನದಂಡದಲ್ಲಿ ಗಜ್ಜರಿಯ, ಅಂದರೆ ಕ್ಯಾರೆಟ್ಟಿನ, ವಿಶೇಷ ದರ್ಜೆಗೆ ಹಸಿರು ಅಥವಾ ನೇರಳೆ ಬಣ್ಣದ ತಲೆ ಇರಕೂಡದು. ಮಣ್ಣಿನಿಂದ ಹೊರಚಾಚಿ ಬಿಸಿಲಿಗೆ ಒಡ್ಡಿಕೊಂಡ ಭಾಗ ಹಸಿರುಗಟ್ಟಿ ಕಹಿಯಾಗುವುದೇ ಇದಕ್ಕೆ ಕಾರಣ. ಉಳ್ಳಾಗಡ್ಡಿಯಲ್ಲಿ ಅಂಥ ಸೂಕ್ಷ್ಮ ಸ್ಥಾನವೆಂದರೆ ಕುತ್ತಿಗೆ, ಅಂದರೆ ಎಲೆಗಳು ಗಡ್ಡೆಯನ್ನು ಕೂಡುವ ಜಾಗ. ಚಳಿಗಾಲದಲ್ಲಿ ನಾಟಿ ಮಾಡಿದ ಬೆಳೆ ಬಲಿತಾಗ ಕುತ್ತಿಗೆ ತಾನಾಗಿ ಸೊರಗಿ ಎಲೆಗಳು ನೆಲಕ್ಕೊರಗುತ್ತವೆ. ಮುಂಗಾರಿ ಬೆಳೆಯಲ್ಲಾದರೋ ಎಲೆಗಳು ಹಸಿರಾಗಿಯೇ ನಿಂತು, ಕುತ್ತಿಗೆ ದಪ್ಪಗೆ ಉಳಿದು, ಅಲ್ಲಿಂದಲೇ ಕೊಳೆ ಒಳಗಿಳಿಯುತ್ತದೆ. ಆದ್ದರಿಂದ ಕಿತ್ತ ಗಡ್ಡೆಯನ್ನು ಎಲೆಯ ಸಮೇತ ಕೆಲವು ದಿನ ಒಣಗಿಸಿ, ಎರಡು-ಎರಡೂವರೆ ಸೆಂಟಿಮೀಟರ್ ಕುತ್ತಿಗೆ ಉಳಿಸಿ ಕತ್ತರಿಸಬೇಕೆಂದು ತೋಟಗಾರಿಕೆ ತಜ್ಞರು ಹೇಳುತ್ತಾರೆ. ಜೋಡುಗಡ್ಡೆ, ಹೂದಂಟು ಬಿಟ್ಟದ್ದು, ಮೊಳಕೆಯೊಡೆದದ್ದು, ಸಿಪ್ಪೆ ಸುಲಿದದ್ದು, ಕಪ್ಪು ಬೂಜು ಹಿಡಿದದ್ದು ಇವನ್ನೆಲ್ಲ ಬೇರ್ಪಡಿಸಬೇಕಾದದ್ದೂ ಆಗಲೇ.

ಈ ಆರಿಸುವ ಕೆಲಸವನ್ನು ಬಹುಪಾಲು ಮಾಡುವವರು ಕೂಲಿ ಮಹಿಳೆಯರು. ಉಳ್ಳಾಗಡ್ಡಿಯ ದರ್ಜೆ ವಾಸ್ತವವಾಗಿ ನಿಶ್ಚಯವಾಗುವುದು ಅವರ ಕಣ್ಣು-ಕೈಗಳಲ್ಲಿಯೇ ಆದ್ದರಿಂದ, ಮಾನದಂಡದ ತಿಳಿವಳಿಕೆ ಮೊದಲು ತಲುಪಬೇಕಾದದ್ದೂ ಅವರಿಗೇ. ಆರಿಸದೆ ತಂದ ರಾಶಿಯಲ್ಲಿ ಕೊಳೆತ ನಾಲ್ಕು ಗಡ್ಡೆ ಕಂಡರೆ ಖರೀದಿದಾರನು ಇಡೀ ರಾಶಿಗೆ ಆ ನಷ್ಟವನ್ನು ಹಿಡಿದೇ ಬೆಲೆ ಕೂಗುತ್ತಾನೆ. 2016ರ ಏಪ್ರಿಲ್ 14ರಂದು ಆರಂಭವಾದ ಇ-ನಾಮ್‌ನಂಥ ರಾಷ್ಟ್ರೀಯ ವಿದ್ಯುನ್ಮಾನ ಮಾರುಕಟ್ಟೆಯಲ್ಲಿ ದೂರದ ವ್ಯಾಪಾರಿಗೆ ರಾಶಿಯೊಳಗೆ ಕೈಯಾಡಿಸಿ ನೋಡುವ ಅವಕಾಶವಿಲ್ಲದ ಕಾರಣ, ಗುಣಪರೀಕ್ಷೆಯ ವಿವರವನ್ನೇ ಅವನು ನಂಬಬೇಕಾಗುತ್ತದೆ. ಸಣ್ಣ ಹಿಡುವಳಿದಾರನೊಬ್ಬನ ಹತ್ತಾರು ಚೀಲಗಳನ್ನು ಮೂರು ದರ್ಜೆಯಾಗಿ ಒಡೆದರೆ ಒಂದೊಂದು ಪಾಲೂ ತೀರ ಚಿಕ್ಕದಾಗುತ್ತದೆ. ಹಲವರು ಕೂಡಿ ಒಂದೇ ಕಣದಲ್ಲಿ ಒಣಗಿಸಿ, ಆರಿಸಿ, ದರ್ಜೆವಾರು ಒಟ್ಟುಗೂಡಿಸಿದಾಗ ಮಾತ್ರ ಅದು ವ್ಯಾಪಾರಕ್ಕೆ ಒದಗುವ ಪ್ರಮಾಣಕ್ಕೆ ಬರುತ್ತದೆ. 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದ ಕಣಗಿನಹಾಳ ಇರುವುದು ಇದೇ ಗದಗ ತಾಲ್ಲೂಕಿನಲ್ಲಿ. ಸಾಲಕ್ಕಾಗಿ ಅಂದು ಕೂಡಿದಂತೆ ಸರಕಿನ ದರ್ಜೆಗಾಗಿಯೂ ಕೂಡುವುದು ಈ ನೆಲಕ್ಕೆ ಅಸಾಧ್ಯವೇನಲ್ಲ.