‘ಶೇಕಿ’ಗೆ ಕನ್ನಡವೇನು?

ಮಂಗಳೂರಿನ ಯಾವುದಾದರೂ ಒಂದು ಆಸ್ಪತ್ರೆಯ ಹೊರರೋಗಿಗಳ ಕೋಣೆಯನ್ನು ವಾಚಕರು ಕಣ್ಣಮುಂದೆ ತಂದುಕೊಳ್ಳಬಹುದು. ಬಂಟ್ವಾಳದ ಕಡೆಯಿಂದ ಮೊದಲ ಬಸ್ಸಿಗೆ ಬಂದ ಮುದುಕಿಯೊಬ್ಬಳು ವೈದ್ಯರ ಮುಂದೆ ಕುಳಿತಿದ್ದಾಳೆ. ಆಕೆಯ ಮಾತು ತುಳು. ಎದುರಿಗಿರುವ ತರುಣ ವೈದ್ಯ ದೂರದ ರಾಜ್ಯದವನು. ಅವನಿಗೆ ತುಳು ಬಾರದು, ಕನ್ನಡವೂ ಅಷ್ಟಕ್ಕಷ್ಟೆ. ‘ತರೆ ತಿರ್ಗುಂಡು’ ಎನ್ನುತ್ತಾಳೆ ಮುದುಕಿ. ಜೊತೆಗೆ ಬಂದ ಮೊಮ್ಮಗ ಕಾಲೇಜು ಮೆಟ್ಟಿಲು ಹತ್ತಿದವನು. ಅಜ್ಜಿಯ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ‘ಶೇಕಿ’ ಎಂದುಬಿಡುತ್ತಾನೆ. ವೈದ್ಯನ ಕಾಗದದ ಮೇಲೆ ಬೀಳುವುದು ಆ ಒಂದೇ ಪದ. ಅಜ್ಜಿ ಹೇಳಿದುದು ತಲೆ ತಿರುಗುವ ಸಂಗತಿ. ಕಾಗದಕ್ಕೆ ಇಳಿದುದೋ, ಕೈ ನಡುಗುವುದೆಂದೂ ಕಾಲು ತಡವರಿಸುವುದೆಂದೂ ಬರಿಯ ನಿಶ್ಶಕ್ತಿಯೆಂದೂ ಅರ್ಥಮಾಡಬಹುದಾದ ಮಾತು.

ತಪ್ಪು ಮೊಮ್ಮಗನದೆನ್ನಲಾಗದು. ಆ ಇಂಗ್ಲಿಷ್ ವಿಶೇಷಣದ ಹೊಟ್ಟೆ ಬಲು ದೊಡ್ಡದು. ಅದರ ಮೂಲವಾದ ‘ಶೇಕ್’ ಎಂಬ ಕ್ರಿಯಾಪದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಅಲುಗಿಸು ಎಂಬುದರ ಜೊತೆಗೆ ಬೇಗನೆ ಸಾಗು, ಹೊರಟುಹೋಗು ಎಂಬ ಅರ್ಥಗಳೂ ಇದ್ದುವು. ಅದರಿಂದ ಹುಟ್ಟಿದ ‘ಶೇಕಿ’ ಇಂದು ಏಣಿಗೂ ಸಲ್ಲುತ್ತದೆ, ಮುದುಕನ ಕೈಬರಹಕ್ಕೂ ಸಲ್ಲುತ್ತದೆ. ಅಳು ತಡೆದುಕೊಂಡು ಆಡಿದ ದನಿ ‘ಶೇಕಿ’. ನ್ಯಾಯಾಲಯದಲ್ಲಿ ನಿಲ್ಲದ ಸಾಕ್ಷ್ಯ ‘ಶೇಕಿ’. ಬಹುಮತ ಕಳೆದುಕೊಳ್ಳಲಿರುವ ಸರ್ಕಾರ, ಸಾಲ ತೀರಿಸಲಾರದ ವ್ಯಾಪಾರಿ, ಅರ್ಧ ಮರೆತ ಪಾಠ, ಇವೆಲ್ಲವೂ ‘ಶೇಕಿ’ಯೇ. ಮರದ ವ್ಯಾಪಾರಿಗಳಲ್ಲಿ ಇದಕ್ಕೆ ಇನ್ನೂ ಒಂದು ಅರ್ಥವುಂಟು. ಒಳಗೆ ಬಿರುಕುಬಿಟ್ಟ ದಿಮ್ಮಿಯನ್ನು ಅವರು ಹಾಗೆ ಕರೆಯುತ್ತಾರೆ. ಆ ದಿಮ್ಮಿ ಅಲುಗುವುದೇ ಇಲ್ಲ. ಆದರೂ ಅದನ್ನು ನಂಬಿ ತೊಲೆ ಮಾಡುವಂತಿಲ್ಲ. ನೆಚ್ಚಲಾಗದುದು ಎಂಬುದೇ ಈ ಎಲ್ಲ ಬಳಕೆಗಳನ್ನೂ ಒಂದುಗೂಡಿಸುವ ತಿರುಳು.

ಕನ್ನಡದ ಹಾದಿ ಬೇರೆ. ಇಲ್ಲಿ ಅಸ್ಥಿರತೆಯನ್ನು ಹೇಳಲು ಮುಖ್ಯವಾಗಿ ಒದಗುವುದು ಕ್ರಿಯಾಪದ. ಕುರ್ಚಿಯ ಕಾಲು, ಮಗುವಿನ ಹಾಲುಹಲ್ಲು ಅಲುಗುತ್ತವೆ. ಗಾಳಿಗೆ ಸಿಕ್ಕ ಕೊಂಬೆ ಓಲಾಡುತ್ತದೆ. ಕುಡಿದವನು ತೂರಾಡುತ್ತಾನೆ. ಚಳಿಗೂ ಹೆದರಿಕೆಗೂ ಮೈ ನಡುಗುತ್ತದೆ. ಪೆಟ್ಟು ತಿಂದವನು ತತ್ತರಿಸುತ್ತಾನೆ. ಕತ್ತಲಲ್ಲಿ ಕಾಲು ತಡವರಿಸುತ್ತದೆ, ಉತ್ತರ ತಿಳಿಯದ ವಿದ್ಯಾರ್ಥಿಯ ನಾಲಗೆಯೂ ತಡವರಿಸುತ್ತದೆ. ಮಂಗಳೂರಿನ ಹಳೆಯ ಬಂದರಿನಿಂದ ಬೆಂಗ್ರೆಗೆ ಹೊರಟ ದೋಣಿ, ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲನ್ನು ಕೂಡುವ ಅಳಿವೆಯ ಅಲೆಗೆ ಸಿಕ್ಕಿದರೆ ಹೊಯ್ದಾಡುತ್ತದೆ. ಎರಡು ಯೋಚನೆಗಳ ನಡುವೆ ಸಿಕ್ಕ ಮನಸ್ಸೂ ಹೊಯ್ದಾಡುತ್ತದೆ. ಅದೇ ಮನಸ್ಸನ್ನು ಸಂಸ್ಕೃತದ ನೆರವಿನಿಂದ ಡೋಲಾಯಮಾನ ಎನ್ನುವುದುಂಟು. ‘ಡೋಲಾ’ ಎಂದರೆ ಉಯ್ಯಾಲೆಯಷ್ಟೆ.

ಇವುಗಳಲ್ಲಿ ಹಲವು ಮಾತುಗಳ ತುದಿಯಲ್ಲಿ ‘ಆಡು’ ಎಂಬುದು ನಿಂತಿದೆ. ಓಲಾಡು, ತೂರಾಡು, ತೂಗಾಡು, ಹೊಯ್ದಾಡು, ಅಲುಗಾಡು. ಒಂದು ಸಲ ಆಗಿ ಮುಗಿಯದೆ ಅತ್ತಿತ್ತ ಮರಳಿ ಮರಳಿ ಆಗುವ ಚಲನೆಯನ್ನು ಅದು ಸೂಚಿಸುತ್ತದೆ. ಕ್ರಿಯಾಪದವೆಂದ ಮೇಲೆ ಕರ್ತೃ ಬೇಕು. ಅಲುಗುವುದು ಯಾವುದು, ತಿರುಗುವುದು ಯಾವುದು ಎಂಬುದನ್ನು ಹೇಳದೆ ಕನ್ನಡಿಗನ ವಾಕ್ಯ ಮುಗಿಯುವುದಿಲ್ಲ. ಇಂಗ್ಲಿಷಿನವನು ‘ನಾನು ಶೇಕಿ’ ಎಂದು ಸುಮ್ಮನಾಗಬಹುದು. ಕನ್ನಡದಲ್ಲಿಯೂ ತುಳುವಿನಲ್ಲಿಯೂ ತಲೆಯೋ ಕೈಯೋ ಕಾಲೋ ಎಂಬುದು ಮೊದಲ ಮಾತಿನಲ್ಲಿಯೇ ಹೊರಬೀಳುತ್ತದೆ.

ಇಂತಹ ಮಾತುಗಳನ್ನು ಹೆಕ್ಕಿ ತೆಗೆದು ಅಚ್ಚಿಗಿಳಿಸಿದ ಊರೂ ಮಂಗಳೂರೇ ಆಗಿರುವುದು ಗಮನಿಸತಕ್ಕ ಸಂಗತಿ. ಬಾಸೆಲ್ ಮಿಶನ್ನಿನವರು ೧೮೪೧ರಲ್ಲಿ ಇಲ್ಲಿ ಮುದ್ರಣಾಲಯವನ್ನು ತೆರೆದರು. ೧೮೪೩ರ ಜುಲೈ ೧ರಂದು ಹರ್ಮನ್ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ ಹೊರಬಂದುದು ಈ ಊರಿನಿಂದಲೇ. ಆಗಸ್ಟ್ ಮ್ಯಾನರರ ತುಳು-ಇಂಗ್ಲಿಷ್ ನಿಘಂಟು ೧೮೮೬ರಲ್ಲಿ ಇಲ್ಲಿಯೇ ಅಚ್ಚಾಯಿತು. ೧೮೫೩ರಲ್ಲಿ ಭಾರತಕ್ಕೆ ಬಂದ ಜರ್ಮನಿಯ ಪಾದ್ರಿ ಫರ್ಡಿನಾಂಡ್ ಕಿಟೆಲ್ಲರು ವರ್ಷಾನುವರ್ಷ ದುಡಿದು ಸಿದ್ಧಪಡಿಸಿದ ಕನ್ನಡ-ಇಂಗ್ಲಿಷ್ ನಿಘಂಟು ೧೮೯೪ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಅದರಲ್ಲಿ ಸುಮಾರು ೭೦,೦೦೦ ಪದಗಳಿವೆ. ಕಾವ್ಯಗಳ ಮಾತಿನೊಡನೆ ಜನಸಾಮಾನ್ಯರ ನುಡಿಗಟ್ಟು ಗಾದೆಗಳಿಗೂ ಅವರು ಅಲ್ಲಿ ಎಡೆಗೊಟ್ಟರು. ಮುಂದೆ ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಆವೃತ್ತಿಯನ್ನು ಮದರಾಸು ವಿಶ್ವವಿದ್ಯಾನಿಲಯವು ೧೯೬೮ರಿಂದ ೧೯೭೧ರ ವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ಉಡುಪಿಯಿಂದ ತುಳು ನಿಘಂಟಿನ ಆರು ಸಂಪುಟಗಳು ೧೯೮೮ ಮತ್ತು ೧೯೯೭ರ ನಡುವೆ ಬಂದುವು. ಮಾತು ಇಲ್ಲವೆಂಬ ಕೊರತೆ ಈ ಸೀಮೆಗಿಲ್ಲ. ಇರುವ ಮಾತನ್ನು ಬಿಟ್ಟು ಎರವಲು ಮಾತಿಗೆ ಕೈಚಾಚುವುದರಿಂದ ಆಗುವ ನಷ್ಟವೇ ಇಲ್ಲಿಯ ಪ್ರಶ್ನೆ.

ಆ ನಷ್ಟ ಪಂಡಿತರಿಗಷ್ಟೇ ಸಂಬಂಧಿಸಿದುದಲ್ಲವೆಂಬುದು ವೈದ್ಯರ ಮೇಜಿನ ಮುಂದೆ ತಿಳಿಯುತ್ತದೆ. ತಲೆ ತಿರುಗುವುದೆಂದರೆ ಸುತ್ತಲಿನ ಗೋಡೆಯೇ ಸುತ್ತಿದಂತಾಗುವುದು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಹೀಗಾಗಿ ಕ್ಷಣದಲ್ಲಿ ಇಳಿದುಹೋಗುವುದಾದರೆ, ಒಳಗಿವಿಯ ಸಣ್ಣ ಸುಣ್ಣದ ಹರಳುಗಳು ಸ್ಥಾನ ತಪ್ಪಿರುವುದು ಅನೇಕ ವೇಳೆ ಕಾರಣವಾಗಿರುತ್ತದೆ. ತಲೆಯನ್ನು ಕ್ರಮವಾಗಿ ಹೊರಳಿಸುವ ಚಿಕಿತ್ಸೆಯಿಂದಲೇ ಅದು ಗುಣವಾಗಬಲ್ಲುದು. ಎದ್ದು ನಿಂತೊಡನೆ ಕಣ್ಣು ಕತ್ತಲೆಗೂಡುವುದಾದರೆ ರಕ್ತದ ಒತ್ತಡ ಇಳಿದಿರಬಹುದು. ತಲೆ ನೆಟ್ಟಗಿದ್ದು ಕಾಲು ಮಾತ್ರ ತೂರಾಡುವುದಾದರೆ ಕಾಲಿನ ನರಗಳನ್ನೂ ಕಿರುಮಿದುಳನ್ನೂ ಪರೀಕ್ಷಿಸಬೇಕಾಗುತ್ತದೆ.

ಕೈ ನಡುಗುವುದರಲ್ಲಿಯೂ ಭೇದವಿದೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ ೧೮೧೭ರಲ್ಲಿ ನಡುಗುವಾಯುವಿನ ಬಗೆಗೆ ಒಂದು ಪ್ರಬಂಧ ಬರೆದನು. ಅವನು ಅಲ್ಲಿ ವಿವರಿಸಿದುದು ಆರು ಮಂದಿ ರೋಗಿಗಳನ್ನು. ಆ ರೋಗಕ್ಕೆ ಇಂದು ಅವನ ಹೆಸರೇ ನಿಂತಿದೆ. ಅದರಲ್ಲಿ ತೊಡೆಯ ಮೇಲೆ ಸುಮ್ಮನಿಟ್ಟ ಕೈ ನಡುಗುತ್ತದೆ, ಕೆಲಸಕ್ಕೆ ತೊಡಗಿದಾಗ ನಡುಕ ತಗ್ಗುವುದುಂಟು. ಕಾಫಿಯ ಲೋಟ ಎತ್ತಿದಾಗಲೇ ನಡುಗುವ ಕೈಯ ವಿಚಾರ ಸಾಮಾನ್ಯವಾಗಿ ಬೇರೆ. ಇನ್ನೂ ಒಂದುಂಟು. ಇದ್ದಕ್ಕಿದ್ದಂತೆ ನಡಿಗೆ ತೂರಾಡತೊಡಗಿ, ಜೊತೆಗೆ ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ ಅಥವಾ ಒಂದು ಮಗ್ಗುಲಿನ ಕೈ ಸೋತರೆ ಅದು ಮಿದುಳಿನ ಆಘಾತವಿರಬಹುದು. ಮಿದುಳಿನ ರಕ್ತನಾಳದ ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ೪ ಗಂಟೆ ೩೦ ನಿಮಿಷದೊಳಗೆ ಕೊಡಬೇಕು. ಅಲ್ಲಿ ‘ಸ್ವಲ್ಪ ಶೇಕಿ’ ಎಂಬ ಮಾತು ಕಳೆಯುವ ಹೊತ್ತು ಮರಳಿ ಬಾರದು.

ತುಳು, ಕೊಂಕಣಿ, ಬ್ಯಾರಿ, ಕನ್ನಡಗಳು ಒಂದೇ ಬೀದಿಯಲ್ಲಿ ಕೇಳಿಬರುವ ಮಂಗಳೂರಿಗೆ ವೈದ್ಯವಿದ್ಯೆ ಕಲಿಯಲು ದೇಶದ ನಾನಾ ಕಡೆಗಳಿಂದ ತರುಣರು ಬರುತ್ತಾರೆ. ಅವರು ಹತ್ತಿಪ್ಪತ್ತು ಊರಮಾತುಗಳನ್ನು ಕಲಿತರೆ ರೋಗಿಗೆ ದೊಡ್ಡ ಉಪಕಾರ. ದುಭಾಷಿಯಾಗಿ ನಿಂತ ಮೊಮ್ಮಕ್ಕಳ ಹೊಣೆಯೂ ಕಡಮೆಯದಲ್ಲ. ಅಜ್ಜಿಯ ಮಾತನ್ನು ಒಂದು ಪದಕ್ಕೆ ಇಳಿಸಬೇಕಾಗಿಲ್ಲ. ತಿರುಗುವುದು ತಲೆಯೆ, ನಡುಗುವುದು ಕೈಯೆ, ತೂರಾಡುವುದು ಕಾಲೆ? ಮಲಗಿದಾಗಲೋ, ಎದ್ದಾಗಲೋ, ನಡೆದಾಗಲೋ? ಎಂದಿನಿಂದ? ಅಜ್ಜಿ ಇವಕ್ಕೆ ಕೊಡುವ ಉತ್ತರವನ್ನು ಹಾಗೆಯೇ ಒಂದೊಂದು ವಾಕ್ಯದಲ್ಲಿ ದಾಟಿಸಿದರೆ ಸಾಕು. ಅಂತಹ ವಾಕ್ಯಕ್ಕೆ ಬೇಕಾದ ಕ್ರಿಯಾಪದ ಅಜ್ಜಿಯ ಬಾಯಲ್ಲಿಯೇ ಇದೆ.