ಹೊಂಗ್‌ಚುನ್ ನೋಡಿ ಬಂದವನ ಜೊತೆ ಆವನಿಗೆ

ಅಕ್ಕನ ಮಗ ಕಂಪನಿ ಕೆಲಸದ ಮೇಲೆ ಚೀನಾಕ್ಕೆ ಹೋದವನು ರಜೆಯಲ್ಲಿ ಆನ್‌ಹುಯಿ ಪ್ರಾಂತ್ಯದ ಹೊಂಗ್‌ಚುನ್ ಎಂಬ ಹಳ್ಳಿ ನೋಡಿಕೊಂಡು ಬಂದ. ಮನೆಮನೆಯ ಪಕ್ಕದಲ್ಲಿ ಕಲ್ಲುಗಾಲುವೆ, ಊರ ನಡುವೆ ಅರ್ಧಚಂದ್ರದ ಕೊಳ, ತುದಿಗೆ ಕೆರೆ. ಮಿಂಗ್ ಅರಸರ ಕಾಲದಲ್ಲಿ ಮಾಡಿದ ಏರ್ಪಾಡು ಇವತ್ತಿಗೂ ಹರಿಯುತ್ತಿದೆ. 2000ದಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಫೋನಿನ ತುಂಬ ಅದರ ಚಿತ್ರ ತೋರಿಸಿ, "ನಮ್ಮ ಕೋಲಾರದಲ್ಲಿ ಇಂಥದ್ದು ಎಲ್ಲಿದೆ ಮಾವ?" ಅಂದ. ಭಾನುವಾರ ಅವನನ್ನು ಕಾರಿಗೆ ಹತ್ತಿಸಿಕೊಂಡು ಮುಳಬಾಗಿಲು ತಾಲ್ಲೂಕಿನ ಆವನಿ ಕಡೆ ಹೊರಟೆ. ದಾರಿಯಲ್ಲಿ ಅವನು ಆಡಿದ ಮಾತುಗಳನ್ನೇ ಒಂದೊಂದಾಗಿ ಇಲ್ಲಿ ಎತ್ತಿಕೊಂಡಿದ್ದೇನೆ. ಅವನದೊಬ್ಬನದೇ ಅಲ್ಲ, ನಮ್ಮವರೇ ದಿನಾ ಆಡುವ ಮಾತುಗಳು.

"ಬರಗಾಲದ ಸೀಮೆ ಇದು, ನೀರಿನ ಊರು ಎಲ್ಲಿಂದ ಬರಬೇಕು?"

ಬರದ ಸೀಮೆ ಆದದ್ದರಿಂದಲೇ ಇಲ್ಲಿ ನೀರಿನ ಊರುಗಳಾದವು. ವರ್ಷವಿಡೀ ಹರಿಯುವ ಹೊಳೆ ನಮಗಿಲ್ಲ. ಪಾಲಾರ್ ಇದೆ, ದಕ್ಷಿಣ ಪಿನಾಕಿನಿ ಇದೆ. ಮಳೆ ಬಂದರೆ ಉಂಟು, ಇಲ್ಲದಿದ್ದರೆ ಮರಳು. ಬಿದ್ದ ನೀರನ್ನು ಬಿದ್ದ ಜಾಗದ ಹತ್ತಿರವೇ ಹಿಡಿದಿಟ್ಟುಕೊಂಡವರಿಗೆ ಮಾತ್ರ ಇಲ್ಲಿ ಬಾಳು. ಚಿಕ್ಕಬಳ್ಳಾಪುರ ಬೇರೆಯಾಗುವ ಮುಂಚಿನ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕಿ ಕೆರೆಗಳಿದ್ದವು, ಕುಂಟೆ ಕಲ್ಯಾಣಿಗಳ ಲೆಕ್ಕ ಬೇರೆ. 1866ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆಗಿದ್ದ ಸ್ಯಾಂಕಿ, ಈ ಸಂಸ್ಥಾನದಲ್ಲಿ ಹೊಸದೊಂದು ಕೆರೆಗೆ ಜಾಗ ಹುಡುಕಬೇಕಾದರೂ ಬುದ್ಧಿ ಖರ್ಚು ಮಾಡಬೇಕು ಎನ್ನುವ ಅರ್ಥದಲ್ಲಿ ಬರೆದಿಟ್ಟಿದ್ದಾರೆ. ಆ ಹೊಗಳಿಕೆ ನ್ಯಾಯವಾಗಿ ಸಲ್ಲಬೇಕಾದ್ದು ಹೆಸರು ಬರೆದಿಡದ ಮಣ್ಣು ಒಡ್ಡರಿಗೆ.

"ದೇವಸ್ಥಾನ ನೋಡಲು ಹೋಗ್ತಿದ್ದೀವಿ, ಕೆರೆ ಮಾತು ಯಾಕೆ?"

ಆವನಿ ಎಂದ ಕೂಡಲೇ ಜನಕ್ಕೆ ನೆನಪಾಗುವುದು ಸೀತೆ, ವಾಲ್ಮೀಕಿ ಆಶ್ರಮ, ಬೆಟ್ಟದ ಮೇಲೆ ಲವಕುಶರ ತೊಟ್ಟಿಲು. ಕೆಳಗಿನ ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಗುಡಿಗಳನ್ನೂ ರಾಮ ಮತ್ತವನ ತಮ್ಮಂದಿರೇ ಕಟ್ಟಿಸಿದರು ಎನ್ನುವವರಿದ್ದಾರೆ. ಆ ಕಥೆ ಏನೇ ಇರಲಿ, ಕಲ್ಲುಕಟ್ಟಡ ನೊಳಂಬರ ಕಾಲದ್ದು, ಒಂಬತ್ತು-ಹತ್ತನೇ ಶತಮಾನ. ಆಮೇಲೆ ಬಂದವರೂ ಮಂಟಪ ಗೋಡೆ ಸೇರಿಸಿದ್ದಾರೆ.

ನನಗೆ ಈ ಊರು ಇಷ್ಟವಾಗಲು ಕಾರಣ ಮಾತ್ರ ಬೇರೆ. ಹತ್ತನೇ ಶತಮಾನದಲ್ಲಿ ಇಲ್ಲಿನ ಮಠಕ್ಕೆ ಒಡೆಯನಾಗಿದ್ದ ತ್ರಿಭುವನಕರ್ತ ಎಂಬ ಶೈವ ಯತಿಯ ಮೇಲೊಂದು ಶಾಸನವಿದೆ. ನಲವತ್ತು ವರ್ಷ ಆವನಿಯ ಸ್ಥಾನವನ್ನು ಆಳಿದ, ಐವತ್ತು ದೇಗುಲ ಮಾಡಿಸಿದ, ಎರಡು ದೊಡ್ಡ ಕೆರೆ ಕಟ್ಟಿಸಿದ ಎಂಬುದು ಅದರ ಸಾರಾಂಶ. ಒಬ್ಬ ಸನ್ಯಾಸಿಯ ಬಾಳಿನ ಲೆಕ್ಕದಲ್ಲಿ ಗುಡಿಯೂ ಕೆರೆಯೂ ಒಂದೇ ಸಾಲಿನಲ್ಲಿ ಬಂದಿವೆ. ಕೆರೆ ತುಂಬಿದರೆ ಅಚ್ಚುಕಟ್ಟಿನಲ್ಲಿ ಭತ್ತ, ಭತ್ತ ಬಂದರೆ ದೇವರಿಗೆ ನೈವೇದ್ಯ, ಮಠದಲ್ಲಿ ಊಟ. ಗುಡಿಯ ಹಿಂದೆ ಕೆರೆಯನ್ನು ಕಾಣದವರು ಅರ್ಧ ಆವನಿಯನ್ನಷ್ಟೇ ನೋಡಿ ಬಂದಂತೆ.

"ಕಾಲುವೆ ಅಂದ್ರೆ ಮೋರಿ ತಾನೇ?"

ಪೇಟೆಯಲ್ಲಿ ಬೆಳೆದ ಹುಡುಗನಿಗೆ ರಾಜಕಾಲುವೆ ಎಂದರೆ ಮೂಗು ಮುಚ್ಚಿಕೊಂಡು ದಾಟುವ ಜಾಗ. ಆವನಿಯಿಂದ ವಾಪಸ್ ಬರುವಾಗ ದಾರಿಬದಿಯ ಒಂದು ಕೆರೆಯ ಏರಿ ಹತ್ತಿಸಿದೆ. ಒಳಮಗ್ಗುಲಲ್ಲಿ ಎರಡು ಕಲ್ಲುಕಂಬ, ನಡುವೆ ಅಡ್ಡಗಲ್ಲು, ಅದರಲ್ಲೊಂದು ತೂತು. ಕುರಿ ಬಿಟ್ಟುಕೊಂಡು ಕೂತಿದ್ದ ಮುದುಕರನ್ನು ಇವನೇ ಕೇಳಿದ.

"ತಾತ, ಇದೇನು?"

"ತೂಬಪ್ಪಾ. ಇದರೊಳಗೆ ಕೋಲು ಇಳಿಬಿಟ್ಟು ಕೆಳಗೆ ಬೆಣೆ ಹಾಕೋರು. ಗೇಣುದ್ದ ಎತ್ತಿದ್ರೆ ಇಷ್ಟು ಗದ್ದೆಗೆ, ಮೊಳ ಎತ್ತಿದ್ರೆ ಅಷ್ಟಕ್ಕೆ. ನಮ್ಮಪ್ಪ ನೀರುಗಂಟಿ."

ಮೇಲಿನ ಕೆರೆ ತುಂಬಿದರೆ ಕೋಡಿ ಬಿದ್ದ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಹೀಗೆ ಸರಪಳಿ. ನಡುವಿನ ಒಂದು ಕೊಂಡಿಯನ್ನು ಯಾರೋ ಒತ್ತಿ ಹೊಲ ಮಾಡಿಕೊಂಡರೆ ಕೆಳಗಿನ ಊರುಗಳ ಕೆರೆ ಎಂಥ ಮಳೆಗೂ ತುಂಬದು. ತೂಬು ಎತ್ತುವುದು, ಸರದಿ ನೋಡಿ ಗದ್ದೆಗೆ ನೀರು ತಿರುಗಿಸುವುದು, ರಾತ್ರಿ ಏರಿ ಕಾಯುವುದು ನೀರುಗಂಟಿಯ ಕೆಲಸ. ಸುಗ್ಗಿಯಲ್ಲಿ ಕಣದಿಂದ ಕಾಳು ಅವನ ಕೂಲಿ. ನಮ್ಮ ಕಡೆ ಬಹುಮಟ್ಟಿಗೆ ದಲಿತ ಕುಟುಂಬದವರೇ ಈ ಕೆಲಸ ಮಾಡಿದವರು. ಎಲ್ಲರ ಗದ್ದೆಗೂ ನೀರು ಅಳೆದು ಬಿಟ್ಟವರಿಗೆ ಅಚ್ಚುಕಟ್ಟಿನಲ್ಲಿ ಸ್ವಂತದ್ದು ಎಷ್ಟಿತ್ತು ಎಂದು ಕೇಳಿದರೆ ಹಳೆಯ ವ್ಯವಸ್ಥೆಯನ್ನು ಕೊಂಡಾಡುವವರ ಬಾಯಿ ಕಟ್ಟುತ್ತದೆ.

ಹೊಂಗ್‌ಚುನ್‌ನಲ್ಲೂ ಸರದಿ ಇತ್ತಂತೆ: ಬೆಳಗ್ಗೆ ಮೊದಲು ಕುಡಿಯುವ ನೀರು, ಆಮೇಲೆ ಬಟ್ಟೆ ಪಾತ್ರೆ. "ಹಾಗಾದ್ರೆ ಅಲ್ಲೂ ಒಬ್ಬ ನೀರುಗಂಟಿ ಇದ್ದಿರಬೇಕು" ಅಂದ ಹುಡುಗ. ಅವನ ಈ ಮಾತನ್ನು ತಿದ್ದುವ ಗೋಜಿಗೆ ನಾನು ಹೋಗಲಿಲ್ಲ.

"ಒಣಗಿದ ಕೆರೆ, ಸತ್ತ ಕೆರೆ."

ಹೀಗೆಂದುಕೊಂಡೇ ಎಷ್ಟೋ ಕೆರೆಗಳಲ್ಲಿ ಬಸ್‌ಸ್ಟ್ಯಾಂಡು, ಬಡಾವಣೆ ಎದ್ದವು. ಬೇಸಿಗೆಯಲ್ಲಿ ಕೆರೆ ಬತ್ತುವುದು ಅದರ ಋತುಧರ್ಮ. ಆಗಲೇ ಹೂಳು ತೆಗೆದು ಹೊಲಕ್ಕೆ, ಶ್ರೀನಿವಾಸಪುರದ ಕಡೆಯಾದರೆ ಮಾವಿನ ತೋಪಿಗೆ ಹೊಡೆಯುವುದು. ಮಾಲೂರಿನ ಹೆಂಚು, ಇಟ್ಟಿಗೆಗೆ ಹೆಸರು ಬಂದದ್ದೂ ಕೆರೆಯ ಜೇಡಿಯಿಂದ. ಹದ ಮೀರಿ ತೋಡಿದರೆ ಮಾತ್ರ ಕೆರೆ ಹೊಂಡವಾಗುತ್ತದೆ. ತೂಬಿನ ಮಟ್ಟಕ್ಕಿಂತ ಕೆಳಗೆ ನಿಂತ ನೀರು ಗದ್ದೆಗೆ ಏರದು. ಕೆರೆಯನ್ನು ನಿಜವಾಗಿ ಕೊಂದದ್ದು ಬೇರೆ: ಜಲಾನಯನದ ಗೋಮಾಳದಲ್ಲಿ ನೆಟ್ಟ ನೀಲಗಿರಿ, ಅಂಗಳದಲ್ಲಿ ಹಬ್ಬಿದ ಜಾಲಿ, ಸಾವಿರ ಅಡಿ ದಾಟಿದ ಬೋರ್‌ವೆಲ್. 2021ರ ನವೆಂಬರಿನ ಮಳೆಗೆ ಜಿಲ್ಲೆಯ ಕೆರೆಗಳು ಒಂದರ ಹಿಂದೊಂದು ಕೋಡಿ ಹರಿದಾಗ ಹೆಂಗಸರು ತಂಬಿಟ್ಟಿನ ದೀಪ ಹೊತ್ತು ಏರಿಗೆ ಬಂದರು. ಕೆಲವು ಹುಡುಗರು ಕೋಡಿ ಎಂಬುದನ್ನು ನೋಡಿದ್ದು ಅದೇ ಮೊದಲು.

"ಈಗ ಬೆಂಗಳೂರಿನ ನೀರು ಬರ್ತಿದೆಯಲ್ಲ, ಕಷ್ಟ ಮುಗೀತು."

ಮುಗಿದಿಲ್ಲ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಹರಿಯಿತು. ಯೋಜನೆಯಲ್ಲಿ ಮೊದಲಿಗೆ ಇದ್ದದ್ದು 126 ಕೆರೆ. ಅಂತರ್ಜಲ ಏರಿಸುವ ಸಲುವಾಗಿ ಬಿಟ್ಟ ನೀರು ಅದು, ಕುಡಿಯಲಿಕ್ಕಲ್ಲ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕು ಎನ್ನುವ ರೈತರ ಕೂಗು ಇನ್ನೂ ನಿಂತಿಲ್ಲ, ಅದರಲ್ಲಿ ನ್ಯಾಯವೂ ಇದೆ. ಒಂದು ತಮಾಷೆ: ಆ ನೀರು ಕೆರೆಯಿಂದ ಕೆರೆಗೆ ಸಾಗಲು ಹಿಡಿದದ್ದು ಬಹುಪಾಲು ಹಳೆಯ ಹಳ್ಳ, ಕಾಲುವೆಗಳ ದಾರಿಯನ್ನೇ.

"ಅಲ್ಲಿ ಟಿಕೆಟ್ ಇಟ್ಟು ಕಾಪಾಡಿದ್ದಾರೆ, ಇಲ್ಲಿ ಯಾರಿದ್ದಾರೆ?"

ಆವನಿಯ ಗುಡಿಗಳು ಕೇಂದ್ರ ಪುರಾತತ್ವ ಇಲಾಖೆಯ ಕೈಯಲ್ಲಿವೆ. 2010ರ ತಿದ್ದುಪಡಿಯ ಪ್ರಕಾರ ಅಂಥ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರ್‌ಗೆ ಅನುಮತಿ ಬೇಕು. ಮೀಟರಿನ ಲೆಕ್ಕ ಗುಡಿಗೆ ಸರಿ, ಮೈಲಿಗಟ್ಟಲೆ ಹರಿಯುವ ಕಾಲುವೆಯನ್ನು ಆ ಟೇಪು ಹಿಡಿದು ಅಳೆಯಲಾಗದು.

ಏರಿಯಿಂದಿಳಿದು ಆ ಕೆರೆಯ ಕಾಲುವೆಯ ಜಾಡು ಹಿಡಿದು ನಡೆದೆವು. ಅರ್ಧ ಮೈಲಿ ಹೋಗುವಷ್ಟರಲ್ಲಿ ಅದು ಒಂದು ಟೊಮೆಟೊ ತೋಟದ ಬೇಲಿಯೊಳಗೆ ನುಗ್ಗಿತು. ಆಚೆ ಮಗ್ಗುಲಲ್ಲಿ ಎಲ್ಲಿ ಹೊರಬರುತ್ತದೆಂದು ಹುಡುಗ ಸುತ್ತು ಹಾಕಿ ನೋಡಿದ, ಸಿಗಲಿಲ್ಲ. ಬಿಸಿಲು ನೆತ್ತಿಗೇರಿತ್ತು. ಮುಳಬಾಗಿಲಿಗೆ ಹೋಗಿ ತುಪ್ಪದ ದೋಸೆಗೆ ಸರದಿಯಲ್ಲಿ ನಿಂತೆವು. ಅವನು ಫೋನ್ ತೆಗೆದು ತೂಬಿನ ಚಿತ್ರವನ್ನು ಹಿಗ್ಗಿಸಿ, ಅಡ್ಡಗಲ್ಲಿನ ತೂತು ಉರುಟಾಗಿದೆಯೋ ಚೌಕವಾಗಿದೆಯೋ ಎಂದು ನೋಡುತ್ತಿದ್ದ.