ಹಳ್ಳಿಯ ಉಪಾಧ್ಯಾಯರು ಶಾಸನಸಭೆಯಲ್ಲಿ

ವಕೀಲರು ಶಾಸನಸಭೆಯನ್ನು ಪ್ರವೇಶಿಸಿದರೆ ಯಾರೂ ಆಶ್ಚರ್ಯಪಡುವುದಿಲ್ಲ. ಜಮೀನುದಾರರೂ ವರ್ತಕರೂ ಹೋದರೆ ಅದೂ ಸಹಜವೆಂದೇ ಜನರು ಭಾವಿಸುವರು. ಹಳ್ಳಿಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರೊಬ್ಬರು ಅಲ್ಲಿಗೆ ಹೋಗಿ, ಮೂರು ದಶಕಗಳಿಗೂ ಮೀರಿ ಜನರ ವಿಶ್ವಾಸವನ್ನು ಉಳಿಸಿಕೊಂಡು, ಎರಡು ಬಾರಿ ಮುಖ್ಯಮಂತ್ರಿಗಳಾದುದು ಅಪೂರ್ವವಾದ ಸಂಗತಿಯೇ ಸರಿ. ಬಿಹಾರದ ಕರ್ಪೂರಿ ಠಾಕೂರರಿಗೆ ಮರಣೋತ್ತರವಾಗಿ ಭಾರತರತ್ನ ಪದವಿಯು 2024ರ ಜನವರಿಯಲ್ಲಿ ಘೋಷಿತವಾದಾಗ, ಇವರಾರೆಂದು ಕೇಳಿದವರು ನಮ್ಮ ಕಡೆಯ ವಿದ್ಯಾವಂತರಲ್ಲಿಯೂ ಇದ್ದರು. ಆದಕಾರಣ ಅವರ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವುದು ಉಚಿತವೆಂದು ತಿಳಿದಿದ್ದೇವೆ.

ಠಾಕೂರರು 1924ರಲ್ಲಿ ಸಮಸ್ತಿಪುರದ ಸಮೀಪದ ಪಿತೌಂಝಿಯಾ ಎಂಬ ಗ್ರಾಮದಲ್ಲಿ, ಕ್ಷೌರಿಕ ವೃತ್ತಿಯ ಬಡ ಕುಟುಂಬದಲ್ಲಿ ಜನಿಸಿದರು. ಕಾಲೇಜಿನಲ್ಲಿ ಓದುತ್ತಿದ್ದಾಗಲೇ 1942ರ ಚಳವಳಿಯು ಅವರನ್ನು ಸೆಳೆಯಿತು. ವ್ಯಾಸಂಗವನ್ನು ತೊರೆದರು; ಇಪ್ಪತ್ತಾರು ತಿಂಗಳು ಸೆರೆಮನೆಯಲ್ಲಿ ಕಳೆದರು. ಸ್ವಾತಂತ್ರ್ಯ ಬಂದ ಮೇಲೆ ತಮ್ಮೂರಿನ ಶಾಲೆಯಲ್ಲಿ ಉಪಾಧ್ಯಾಯರಾದರು. ದೇಶಸೇವಕರು ಅಧಿಕಾರದ ಮೆಟ್ಟಿಲೇರುತ್ತಿದ್ದ ಆ ದಿನಗಳಲ್ಲಿ ಅವರು ಹಳ್ಳಿಯ ಮಕ್ಕಳ ಮುಂದೆ ನಿಂತಿದ್ದರೆಂಬುದನ್ನು ಮರೆಯಲಾಗದು. 1952ರ ಪ್ರಥಮ ಮಹಾಚುನಾವಣೆಯಲ್ಲಿ ತಾಜಪುರ ಕ್ಷೇತ್ರದಿಂದ ಸಮಾಜವಾದಿ ಪಕ್ಷದ ಪರವಾಗಿ ಆಯ್ಕೆಯಾದರು. ತರುವಾಯ ವಿಧಾನಸಭೆಗೆ ಸ್ಪರ್ಧಿಸಿದ ಯಾವ ಚುನಾವಣೆಯಲ್ಲಿಯೂ ಅವರಿಗೆ ಸೋಲೆಂಬುದಿರಲಿಲ್ಲ.

ಇದೇ ಚುನಾವಣೆಯಲ್ಲಿಯೇ ಮಲೆನಾಡಿನ ಶಾಂತವೇರಿ ಗೋಪಾಲಗೌಡರು ಮೈಸೂರು ವಿಧಾನಸಭೆಯನ್ನು ಪ್ರವೇಶಿಸಿದರು. ಅದರ ಹಿಂದಿನ ವರ್ಷ, 1951ರಲ್ಲಿ, ಲೋಹಿಯಾ ಅವರು ಕಾಗೋಡಿನ ಗೇಣಿದಾರರ ಸತ್ಯಾಗ್ರಹದಲ್ಲಿ ಭಾಗವಹಿಸಿ ಬಂಧಿತರಾಗಿದ್ದರು. ಪಾಟ್ನಾಕ್ಕೂ ಸಾಗರಕ್ಕೂ ದಾರಿ ಬಹು ದೂರ; ಆದರೂ ಈ ಇಬ್ಬರು ಶಾಸಕರು ಒಂದೇ ಗರಡಿಯವರು.

ಠಾಕೂರರ ಸರಳತೆಯ ಬಗ್ಗೆ ಕಥೆಗಳು ಹೇರಳವಾಗಿವೆ. ಎರವಲು ಪಡೆದ ಹರಿದ ಕೋಟನ್ನು ತೊಟ್ಟು ವಿದೇಶಕ್ಕೆ ಹೋದುದು, ತಾವು ಕಟ್ಟಿಸಿದ ಮನೆಯೆಂಬುದೊಂದಿಲ್ಲದೆ ತೀರಿಕೊಂಡುದು, ಇವೆಲ್ಲವನ್ನೂ ಜನರು ಈಗಲೂ ಹೇಳುತ್ತಾರೆ. ಆದರೆ ಸತ್ತವರ ಸರಳತೆಯನ್ನು ಹೊಗಳುವುದರಷ್ಟು ಅಗ್ಗದ ಕೆಲಸ ರಾಜಕಾರಣದಲ್ಲಿ ಬೇರೊಂದಿಲ್ಲ. ಅವರು ಹೊರಡಿಸಿದ ಆಜ್ಞೆಗಳನ್ನು ವಿಚಾರಿಸುವುದು ಅದಕ್ಕಿಂತ ಪ್ರಯೋಜನಕರವೆಂದು ನಮ್ಮ ಎಣಿಕೆ.

1967ರಲ್ಲಿ ಬಿಹಾರದಲ್ಲಿ ಕಾಂಗ್ರೆಸ್ಸೇತರ ಸರಕಾರವು ರಚಿತವಾಗಿ, ಮಹಾಮಾಯಾ ಪ್ರಸಾದ ಸಿನ್ಹರು ಮುಖ್ಯಮಂತ್ರಿಗಳಾದರು. ಠಾಕೂರರು ಉಪಮುಖ್ಯಮಂತ್ರಿಗಳಾಗಿ ವಿದ್ಯಾ ಇಲಾಖೆಯನ್ನು ವಹಿಸಿಕೊಂಡರು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿ ತೇರ್ಗಡೆಯಾಗಲೇಬೇಕೆಂಬ ಕಡ್ಡಾಯವನ್ನು ಅವರು ತೆಗೆದುಹಾಕಿದರು. ಅವರು ಇಂಗ್ಲಿಷ್ ಪಾಠವನ್ನು ನಿಷೇಧಿಸಲಿಲ್ಲವೆಂಬುದನ್ನು ಗಮನಿಸಬೇಕು. ಓದಬಯಸುವವರು ಓದಬಹುದಾಗಿತ್ತು; ಅದೊಂದರಲ್ಲಿ ಸೋತ ಕಾರಣಕ್ಕೆ ಇಡೀ ಪರೀಕ್ಷೆಯಲ್ಲಿ ಸೋತಂತೆ ಆಗುವುದು ಮಾತ್ರ ನಿಂತಿತು. ಗಣಿತವನ್ನೂ ಚರಿತ್ರೆಯನ್ನೂ ಚೆನ್ನಾಗಿ ಬಲ್ಲ ಹುಡುಗನೊಬ್ಬನು, ಹೆಣ್ಣು ಮಗಳೊಬ್ಬಳು, ಮನೆಯಲ್ಲಿಯೂ ಬೀದಿಯಲ್ಲಿಯೂ ಎಂದೂ ಕೇಳದ ಭಾಷೆಯೊಂದರಲ್ಲಿ ನಾಲ್ಕು ಅಂಕ ಕಡಿಮೆ ಪಡೆದು, ಗುಮಾಸ್ತೆಯ ಕೆಲಸಕ್ಕೂ ಅನರ್ಹರೆನಿಸಿಕೊಳ್ಳುವುದು ಯಾವ ನ್ಯಾಯ? ಪಟ್ಟಣದ ಮಗುವಿಗೆ ಮನೆಪಾಠದ ಮೇಷ್ಟರುಂಟು; ಹಳ್ಳಿಯ ಮಗುವಿಗೆ ಶಾಲೆಯ ಮೇಷ್ಟರೇ ಕೆಲವೊಮ್ಮೆ ಇಲ್ಲ. ಇದನ್ನು ತಿಳಿಯಲು ಸಮಿತಿಯ ವರದಿಯು ಬೇಕಾಗಿರಲಿಲ್ಲ. ಶಾಲೆಯಲ್ಲಿ ನಿಂತು ನೋಡಿದವರಿಗೆ ಅದು ಗೊತ್ತೇ ಇತ್ತು.

ಅಪಹಾಸ್ಯವು ಒಡನೆಯೇ ಹುಟ್ಟಿಕೊಂಡಿತು. ಇಂಗ್ಲಿಷಿಲ್ಲದೆ ತೇರ್ಗಡೆಯಾದವರನ್ನು ‘ಕರ್ಪೂರಿ ಡಿವಿಷನ್’ ಎಂದು ಹಂಗಿಸತೊಡಗಿದರು. ಪ್ರಥಮ, ದ್ವಿತೀಯ, ತೃತೀಯ ದರ್ಜೆಗಳ ಕೆಳಗೆ ಇದೊಂದು ನಾಲ್ಕನೆಯ ದರ್ಜೆ! ಮಂತ್ರಿಗಳಿಗೆ ತಾಗಲೆಂದು ಬಿಟ್ಟ ಬಾಣವು ಬಡ ವಿದ್ಯಾರ್ಥಿಗಳಿಗೆ ತಾಗಿತೆಂಬುದನ್ನು ಆ ವಿನೋದಪ್ರಿಯರು ಯೋಚಿಸಿದಂತೆ ತೋರದು. ಆದರೂ ವಿರೋಧಿಗಳ ವಾದವನ್ನು ಸುಳ್ಳೆಂದು ತಳ್ಳಿಹಾಕಲಾರೆವು. ಉನ್ನತ ನ್ಯಾಯಾಲಯ, ವೈದ್ಯಕೀಯ ವಿದ್ಯೆ, ಕೇಂದ್ರ ಸರಕಾರದ ದೊಡ್ಡ ಹುದ್ದೆಗಳು, ಇವುಗಳ ದಾರಿಯಲ್ಲಿ ಇಂಗ್ಲಿಷಿನ ಸುಂಕದಕಟ್ಟೆಯು ಹಾಗೆಯೇ ಉಳಿದಿತ್ತು. ಪರೀಕ್ಷೆಯ ಬಾಗಿಲು ತೆರೆಯಿತು. ಮುಂದಿನ ಬಾಗಿಲು ತೆರೆಯಲಿಲ್ಲ. ಹಳ್ಳಿಯ ಶಾಲೆಗೆ ಸಮರ್ಥನಾದ ಇಂಗ್ಲಿಷ್ ಉಪಾಧ್ಯಾಯನನ್ನು ಕಳುಹಿಸುವುದೂ, ಮೇಲಿನ ತರಗತಿಗಳನ್ನು ದೇಶಭಾಷೆಯಲ್ಲಿ ನಡೆಸುವುದೂ ಸರಕಾರದ ಎರಡನೆಯ ಹೆಜ್ಜೆಯಾಗಬೇಕಾಗಿತ್ತು. ಅಲ್ಪಾಯುವಾದ ಆ ಮಂತ್ರಿಮಂಡಲಕ್ಕೆ ಅದಕ್ಕೆ ಕಾಲವೆಲ್ಲಿಯದು? ರೋಗದ ನಿದಾನವು ಸರಿಯಾಗಿತ್ತೆಂದೂ, ಔಷಧವು ಅರ್ಧಕ್ಕೆ ನಿಂತಿತೆಂದೂ ನಮ್ಮ ಅಭಿಪ್ರಾಯ. ಕನ್ನಡ ಮಾಧ್ಯಮದ ಪ್ರಶ್ನೆಯನ್ನು ಚರ್ಚಿಸುವ ನಮ್ಮವರು ಈ ಅರ್ಧ ಔಷಧದ ಕಥೆಯನ್ನು ಓದಿದರೆ ನಷ್ಟವಿಲ್ಲ.

1970ರ ಡಿಸೆಂಬರಿನಲ್ಲಿ ಮೊದಲ ಸಲ ಮುಖ್ಯಮಂತ್ರಿಗಳಾದಾಗ ಅವರ ಸರಕಾರ ಆರು ತಿಂಗಳೂ ನಿಲ್ಲಲಿಲ್ಲ. 1977ರ ಜೂನಿನಲ್ಲಿ ಜನತಾ ಪಕ್ಷದ ಮುಖ್ಯಮಂತ್ರಿಗಳಾಗಿ ಮರಳಿ ಬಂದರು. ಮರುವರ್ಷ, ಮುಂಗೇರಿ ಲಾಲ್ ಆಯೋಗದ ಶಿಫಾರಸುಗಳ ಮೇರೆಗೆ, ಸರಕಾರಿ ನೌಕರಿಗಳಲ್ಲಿ ಶೇಕಡ 26 ಸ್ಥಾನಗಳನ್ನು ಕಾದಿರಿಸುವ ನಿರ್ಣಯವನ್ನು ಕೈಕೊಂಡರು. ಅತಿ ಹಿಂದುಳಿದವರಿಗೆ 12, ಹಿಂದುಳಿದವರಿಗೆ 8, ಸ್ತ್ರೀಯರಿಗೆ 3, ಮೇಲ್ಜಾತಿಯ ಬಡವರಿಗೆ 3. ಹಿಂದುಳಿದವರನ್ನು ಎರಡು ಪಂಗಡಗಳಾಗಿ ವಿಭಾಗಿಸಿದುದರಲ್ಲಿಯೇ ಇದರ ಮರ್ಮವಿದೆ. ಒಂದೇ ಎಲೆಯಲ್ಲಿ ಬಡಿಸಿದರೆ, ಭೂಮಿಯೂ ಜನಸಂಖ್ಯೆಯೂ ಉಳ್ಳ ದೊಡ್ಡ ಜಾತಿಗಳು ಉಂಡೆದ್ದ ಮೇಲೆ ಕ್ಷೌರಿಕರಿಗೂ ಕುಂಬಾರರಿಗೂ ಉಳಿಯುವುದು ಬರಿಯ ಎಲೆ. ನಮ್ಮಲ್ಲಿಯೂ ದೇವರಾಜ ಅರಸರ ಸರಕಾರವು 1972ರಲ್ಲಿ ನೇಮಿಸಿದ ಹಾವನೂರು ಆಯೋಗವು 1975ರ ತನ್ನ ವರದಿಯಲ್ಲಿ ಹಿಂದುಳಿದವರೊಳಗೇ ತಾರತಮ್ಯವನ್ನು ಗುರುತಿಸಿ ವರ್ಗ ಮಾಡಿತ್ತೆಂಬುದನ್ನು ಅಧಿಕಾರಿವರ್ಗದ ವಾಚಕರು ಬಲ್ಲರು.

ಬಿಹಾರದಲ್ಲಿ ಕೋಲಾಹಲವೆದ್ದಿತು. ಬೀದಿಗಳಲ್ಲಿ ಪ್ರತಿಭಟನೆಗಳಾದವು, ಅವರ ಜಾತಿಯನ್ನು ಹಿಡಿದು ಹೇಳಲು ನಾಚಬೇಕಾದ ಬೈಗುಳಗಳನ್ನು ಕೂಗಿದರು. ಸ್ವಪಕ್ಷದವರೇ ಒಡೆದರು. 1979ರ ಏಪ್ರಿಲಿನಲ್ಲಿ ಅಧಿಕಾರವು ರಾಮಸುಂದರ ದಾಸರಿಗೆ ಹೋಯಿತು. ಎರಡೂ ಅವಧಿಗಳನ್ನು ಕೂಡಿಸಿದರೆ ಠಾಕೂರರು ಮುಖ್ಯಮಂತ್ರಿಯ ಪೀಠದಲ್ಲಿ ಕುಳಿತದ್ದು ಎರಡೂವರೆ ವರ್ಷವೂ ಇಲ್ಲ. ಮಿಕ್ಕ ಕಾಲದ ಬಹುಭಾಗವು ವಿರೋಧಪಕ್ಷದ ಬೆಂಚಿನ ಮೇಲೆಯೇ ಕಳೆಯಿತು. 1984ರಲ್ಲಿ ಲೋಕಸಭೆಗೆ ನಿಂತು ಸೋತರು. 1988ರ ಫೆಬ್ರವರಿ 17ರಂದು ನಿಧನರಾದರು.

ಅವರ ಹುಟ್ಟೂರಿಗೆ ಈಗ ಕರ್ಪೂರಿ ಗ್ರಾಮವೆಂದು ಹೆಸರು. ಅವರು ಆಚರಣೆಗೆ ತಂದ ವಿಭಾಗವಂತೂ ಅಳಿದಿಲ್ಲ. ಬಿಹಾರ ಸರಕಾರವು 2023ರಲ್ಲಿ ಪ್ರಕಟಿಸಿದ ಜಾತಿಗಣತಿಯಲ್ಲಿ ಅತಿ ಹಿಂದುಳಿದವರನ್ನು ಬೇರೆಯಾಗಿಯೇ ಎಣಿಸಿದರು. ಲೆಕ್ಕವು ಶೇಕಡ 36ಕ್ಕೆ ಬಂದಿತು. ಅಲ್ಲಿಯ ವರ್ಗಗಳಲ್ಲೆಲ್ಲ ಅದೇ ಅತಿ ದೊಡ್ಡದು.